ಬರಲ್ಲ ಅಂದವರ ಮನೆಯಲ್ಲಿ

ಆಂಬುಲೆನ್ಸ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ರಕ್ತದ ಬಗ್ಗೆ. ಅಪಘಾತ ನೋಡಿದ ದಿನ ನಿಮಗೆ ಊಟ ಸೇರುತ್ತಿತ್ತಾ ಮೇಡಂ, ಎನ್ನುತ್ತಾರೆ. ಸೇರುತ್ತಿತ್ತು. ಮೊದಲ ಒಂದೆರಡು ತಿಂಗಳು ಕಷ್ಟ, ಆಮೇಲೆ ಕೈ ತನ್ನ ಪಾಡಿಗೆ ಕೆಲಸ ಮಾಡಿಕೊಂಡು ಹೋಗುತ್ತದೆ. ನನಗೆ ಊಟ ಸೇರದೆ ಹೋದ ದಿನಗಳೇ ಬೇರೆ. ಮನೆ ಬಾಗಿಲಿಗೆ ಗಾಡಿ ನಿಲ್ಲಿಸಿ, ಸ್ಟ್ರೆಚರ್ ಇಳಿಸಿಕೊಂಡು ಒಳಗೆ ಹೋದರೆ, ಕಾಯಿಲೆಯವರು ಗೋಡೆ ಕಡೆಗೆ ತಿರುಗಿ ಮಲಗಿ "ನಾನು ಬರಲ್ಲ" ಅಂದುಬಿಟ್ಟ ದಿನಗಳು ಅವು.

ತರಬೇತಿಯಲ್ಲಿ ಇದಕ್ಕೆ ಅರ್ಧ ಪುಟವಿತ್ತು. ರೋಗಿ ನಿರಾಕರಿಸಿದರೆ ಅಪಾಯವನ್ನು ವಿವರಿಸಿ, ಫಾರಂಗೆ ಸಹಿ ಪಡೆದು, ಕಂಟ್ರೋಲ್ ರೂಮಿಗೆ ತಿಳಿಸಿ ಹಿಂದಿರುಗಿ. ಅಷ್ಟೇ. ಹೋದ ತಿಂಗಳು ಹೊಸಬರ ಎದುರು ಅರ್ಧ ಗಂಟೆ ಮಾತಾಡಿ ಎಂದು ಕರೆದಿದ್ದರು. ಅರ್ಧ ಗಂಟೆಯಲ್ಲಿ ನಾನು ಒಬ್ಬರ ಕಥೆಯನ್ನೂ ಮುಗಿಸಲಾರದೆ ವಾಪಸು ಬಂದೆ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಜಯಲಕ್ಷ್ಮಿ. ಕೆ.ಆರ್. ನಗರದ ಕಡೆ ಕಾಲುವೆ ನೀರಿನ ಊರಿನವಳು. ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದು, ನಲವತ್ತು ದಾಟಿದ ಮೇಲೆ ಆಂಬುಲೆನ್ಸಿಗೆ ಬಂದೆ. ಮೊದಲು ಹುಣಸೂರಿನ ಗಾಡಿ, ನಡುವೆ ಪಿರಿಯಾಪಟ್ಟಣ, ಕೊನೆಗೆ ಎಚ್.ಡಿ. ಕೋಟೆ. ಗಾಡಿಯಲ್ಲಿ ಇಬ್ಬರೇ ಇರುತ್ತೇವೆ. ರೋಗಿಯನ್ನು ನೋಡಿಕೊಳ್ಳಲು ನಾನು, ಓಡಿಸಲು ಡ್ರೈವರ್. ನನ್ನ ಪುಣ್ಯಕ್ಕೆ ಹೆಚ್ಚು ಕಾಲ ಜೊತೆಗಿದ್ದವನು ಮುನೀರ್. ಹುಣಸೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಅಪ್ಪ, ದೊಡ್ಡಪ್ಪ ಎಲ್ಲರೂ ಮರಗೆಲಸದವರು. ನನ್ನನ್ನು ಅಕ್ಕ ಅನ್ನುತ್ತಿದ್ದ. ಈಗಲೂ ಅನ್ನುತ್ತಾನೆ.

ಗಾವಡಗೆರೆಯ ಶಿವಣ್ಣನವರ ವಿಷಯವನ್ನೇ ಮೊದಲು ಹೇಳಬೇಕು. ಅದು ನನ್ನ ಮೊದಲ ವರ್ಷ. ಮುನೀರ್ ಆಗಿನ್ನೂ ಬಂದಿರಲಿಲ್ಲ, ಬೇರೆ ಡ್ರೈವರ್ ಇದ್ದರು. ಹೊಗೆಸೊಪ್ಪು ಹದ ಮಾಡುವ ಕಾಲ. ಗಾವಡಗೆರೆ ಸುತ್ತಮುತ್ತ ಎಲ್ಲಿ ನೋಡಿದರೂ ಸೊಪ್ಪು ಒಣಗಿಸುವ ಬ್ಯಾರನ್ ಮನೆಗಳಿಂದ ಹೊಗೆ ಏಳುತ್ತಿತ್ತು. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಕರೆ ಬಂತು. ಎದೆ ನೋವು. ಹೋದಾಗ ಶಿವಣ್ಣ ಬ್ಯಾರನ್ ಮುಂದೆ ಸೌದೆ ರಾಶಿಗೆ ಒರಗಿ ಕೂತಿದ್ದರು. ಐವತ್ತರ ಆಚೀಚೆ ವಯಸ್ಸು. ಅಂಗಿ ಬೆವರಿನಿಂದ ತೊಯ್ದುಹೋಗಿತ್ತು. ಅದು ಬೆಂಕಿಯ ಮುಂದೆ ಕೂತ ಬೆವರಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಎಡಗೈ ಜೋಮು ಹಿಡಿದಿದೆ ಅಂದರು. ಆಸ್ಪಿರಿನ್ ಅಗಿಯಲು ಕೊಟ್ಟೆ, ಬಿಪಿ ನೋಡಿದೆ. ಹತ್ತು ನಿಮಿಷಕ್ಕೆ ನೋವು ಸ್ವಲ್ಪ ಇಳಿಯಿತು. ಕೂಡಲೇ ಅವರು ಎದ್ದು ಒಲೆಗೆ ಸೌದೆ ತುರುಕಲು ಹೋದರು.

"ಶಿವಣ್ಣ, ಇದು ಹಾರ್ಟಿಂದು. ಈಗ್ಲೇ ಹೊರಡಬೇಕು" ಅಂದೆ.

"ಬಣ್ಣ ಕೂರೋ ಒತ್ತು ಕಣವ್ವ ಇದು. ಈಗ ಬೆಂಕಿ ತಗ್ಗುದ್ರೆ ಬ್ಯಾರನ್ ಸೊಪ್ಪೆಲ್ಲಾ ಕರ್ರಗಾಗೋಯ್ತದೆ. ನಾಳೀಕೆ ನಾನೇ ಆಸ್ಪತ್ರೆಗೆ ಬತ್ತೀನಿ ಬುಡಿ."

ಅಪಾಯ ವಿವರಿಸಿದೆ. ಪಾಠದಲ್ಲಿದ್ದ ಹಾಗೆ ಗಡಗಡ ವಿವರಿಸಿದೆ. ಅವರು ತಲೆಯಾಡಿಸುತ್ತಾ ಬ್ಯಾರನ್ ಬಾಗಿಲ ಗಾಜಿನಲ್ಲಿ ಕಾಣುವ ಥರ್ಮಾಮೀಟರ್ ನೋಡುತ್ತಿದ್ದರು. ಫಾರಂ ತೆಗೆದೆ. ಅವರು ಸಹಿ ಹಾಕಿದರು. ಸಾಕ್ಷಿಯ ಜಾಗದಲ್ಲಿ ಅವರ ಹೆಂಡತಿ ಹೆಬ್ಬೆಟ್ಟು ಒತ್ತಿದರು. ನಿಜ ಹೇಳಿಬಿಡುತ್ತೇನೆ, ಸಹಿ ಸಿಕ್ಕಾಗ ನನಗೆ ಹಗುರ ಅನ್ನಿಸಿತ್ತು. ಇನ್ನು ಇದು ನನ್ನ ಜವಾಬ್ದಾರಿಯಲ್ಲ ಎಂಬ ಹಗುರ.

ದೀಪ ಹಚ್ಚುವ ಹೊತ್ತಿಗೆ ಅದೇ ಮನೆಯಿಂದ ಮತ್ತೆ ಕರೆ ಬಂತು. ನಾವು ಹೋಗಿ ತಲುಪುವ ಮೊದಲೇ ಹೋಗಿಬಿಟ್ಟಿದ್ದರು.

ಹನ್ನೊಂದನೇ ದಿನ ಯಾರಿಗೂ ಹೇಳದೆ ಬಸ್ಸಿನಲ್ಲಿ ಅವರ ಮನೆಗೆ ಹೋದೆ. ಬೈದರೆ ಬೈಸಿಕೊಳ್ಳೋಣ ಅಂದುಕೊಂಡಿದ್ದೆ. ಆಯಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು: "ಆ ಕಾಗ್ದದಲ್ಲಿ ಏನ್ ಬರ್ದಿತ್ತವ್ವ? ಬೆಟ್ಟು ಒತ್ತುದ್ನಲ್ಲ ನಾನು."

ಅಷ್ಟರಲ್ಲಿ ಒಬ್ಬರು ಬಂದು ನೀರು ಕೊಟ್ಟರು. ನೋಡಲು ಥೇಟ್ ಶಿವಣ್ಣನ ಹಾಗೇ ಇದ್ದರು. ತಮ್ಮ. ಮೂವತ್ತು ಮಾರು ಆಚೆ ಅವರದ್ದೂ ಒಂದು ಬ್ಯಾರನ್. ಅಣ್ಣ ತಮ್ಮಂದಿರಿಗೆ ಜಮೀನಿನ ಬದುವಿನ ವಿಷಯಕ್ಕೆ ಆರೇಳು ವರ್ಷದಿಂದ ಮಾತಿರಲಿಲ್ಲವಂತೆ. ಅಣ್ಣ ಸತ್ತ ಸುದ್ದಿ ಕೇಳಿ ಓಡಿ ಬಂದವರು, ಹೆಣದ ಮುಂದೆ ಅತ್ತು, ಎದ್ದು ಹೋಗಿ ಅಣ್ಣನ ಬ್ಯಾರನ್ನಿನ ಬೆಂಕಿ ನೋಡಿಕೊಂಡಿದ್ದರು. ಸೊಪ್ಪು ಹದವಾಗಿ ಇಳಿದಿತ್ತು. "ನಂಗೊಂದ್ ಮಾತು ಏಳಿದ್ರೆ ಅವತ್ತೇ ನೋಡ್ಕತಿದ್ನಲ್ಲಾ ಮೇಡಂ" ಅಂದರು ನನಗೆ.

ಇದನ್ನೆಲ್ಲ ಹುಣಸೂರು ಆಸ್ಪತ್ರೆಯಲ್ಲಿದ್ದ ಹಿರಿಯ ಡಾಕ್ಟರ ಹತ್ತಿರ ಹೇಳಿಕೊಂಡೆ. ಅವರು ಕೇಸ್ ಶೀಟು ಬರೆಯುತ್ತಲೇ ಕೇಳಿಸಿಕೊಂಡರು. ಆಮೇಲೆ ಪೆನ್ನು ಇಟ್ಟು, "ಅವನು ಬರಲ್ಲ ಅಂದನಾ, ಬೆಂಕಿ ಬಿಟ್ಟು ಬರಲ್ಲ ಅಂದನಾ?" ಎಂದು ಕೇಳಿದರು.

"ಬೆಂಕಿ ಬಿಟ್ಟು ಬರಲ್ಲ ಅಂದರು ಸರ್."

"ಹಾಗಾದರೆ ನೀನು ಬೆಂಕಿ ವಿಷಯ ಮಾತಾಡಬೇಕಿತ್ತು. ನೀನು ಹಾರ್ಟ್ ವಿಷಯ ಮಾತಾಡಿ ಬಂದಿದ್ದೀಯ."

ಅವರು ಬೈದದ್ದು ಅಷ್ಟೇ. ನಾನು ಕೆಲಸ ಕಲಿತದ್ದು ಅವತ್ತಿನಿಂದ.

ಮುನೀರ್ ಬಂದ ಮೇಲೆ ಇನ್ನಷ್ಟು ಕಲಿತೆ. ಅವನಿಗೆ ವೈದ್ಯದ ಓದಿಲ್ಲ. ಆದರೆ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು ಒಳಗೆ ಬಂದು, ಕಾಯಿಲೆಯವರ ಮುಖಕ್ಕಿಂತ ತನ್ನ ಮುಖ ಕೆಳಗಿರುವ ಹಾಗೆ ನೆಲದ ಮೇಲೆ ಕೂರುತ್ತಿದ್ದ. ನಾನು ನಿಂತುಕೊಂಡೇ ಬಿಪಿ ಪಟ್ಟಿ ಬಿಚ್ಚುತ್ತಿದ್ದವಳು. ಒಂದು ದಿನ ಕೇಳಿದೆ, ಇದನ್ನು ನಿನಗೆ ಯಾರು ಹೇಳಿಕೊಟ್ಟರು ಅಂತ. "ನಮ್ಮ ಅಬ್ಬಾ ಗಿರಾಕಿ ಮನೆಗೆ ಬಾಗಿಲ ಅಳತೆ ತಗೊಳಕ್ಕೆ ಹೋದ್ರೆ ಫಸ್ಟು ಕೂತ್ಕೋತಿದ್ರು ಅಕ್ಕ. ನಿಂತೋರ ಹತ್ರ ಯಾರೂ ಮನಸ್ ಬಿಚ್ಚಿ ಮಾತಾಡಲ್ಲ ಅಂತಿದ್ರು" ಅಂದ. ಆಮೇಲೆ ನಾನೂ ಕೂರಲು ಶುರು ಮಾಡಿದೆ. ನಿವೃತ್ತಿಯ ಹೊತ್ತಿಗೆ ಮಂಡಿ ಸವೆದದ್ದು ಅದಕ್ಕೇ ಎಂದು ನಮ್ಮ ಮನೆಯವರು ತಮಾಷೆ ಮಾಡುತ್ತಾರೆ.

ಎಲ್ಲ ನಿರಾಕರಣೆಯೂ ಕಾಯಿಲೆಯವರ ಮನಸ್ಸಿನಿಂದ ಬಂದದ್ದೇ ಅಂತ ತಿಳಿಯಬಾರದು. ಸರಗೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಬೆಳಿಗ್ಗೆ ಜನ ಗುಂಪು ಕೂಡಿದ್ದರು. ಬಿಳಿ ಪಂಚೆಯ ದೊಡ್ಡ ಮನುಷ್ಯರೊಬ್ಬರು ಕಲ್ಲು ಬೆಂಚಿನ ಮೇಲೆ ಕೂತು, ಹತ್ತಿರ ಬಂದವರಿಗೆಲ್ಲ ಕೈ ಬೀಸುತ್ತಿದ್ದರು. ನನ್ನನ್ನು ನೋಡಿ, ನಮ್ಮ ತಾಯಿಯನ್ನೂ ಸೇರಿಸಿ, ಬಾಯಿಗೆ ಬಂದಂತೆ ಬೈದರು. "ಓಗಲೇ, ಬರಾಕಿಲ್ಲ ನಾನು, ಮುಟ್ಟುದ್ರೆ ನೋಡು" ಅಂದರು. ಕುಡಿದವ್ರೆ ಬುಡಿ ಮೇಡಂ, ಪೊಲೀಸಿಗೆ ಏಳಿ, ಅಂದರು ಜನ. ನನಗೂ ಸಿಟ್ಟು ಬಂದಿತ್ತು. ಫಾರಂ ಪುಸ್ತಕ ತೆಗೆದಿದ್ದೆ. ಮುನೀರ್ ಹತ್ತಿರ ಹೋಗಿ ಅವರ ಕೈಯ ಒಂದು ಏಟನ್ನೂ ತಿಂದು ಬಂದು, "ಅಕ್ಕ, ಬಾಯಲ್ಲಿ ವಾಸನೆ ಇಲ್ಲ. ಮೈಯೆಲ್ಲಾ ತಣ್ಣಗೈತೆ" ಅಂದ.

ನಾಲ್ಕು ಜನ ಹಿಡಿದುಕೊಂಡಾಗ ಬೆರಳು ಚುಚ್ಚಿ ಶುಗರ್ ನೋಡಿದೆ. ಮೂವತ್ತೆಂಟು. ಅಷ್ಟು ಇಳಿದರೆ ಮನುಷ್ಯನಿಗೆ ತಾನು ಯಾರೆಂಬುದೇ ತಿಳಿಯುವುದಿಲ್ಲ. ಕಂಟ್ರೋಲ್ ರೂಮಿನ ಡಾಕ್ಟರನ್ನು ಕೇಳಿ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟೆ. ಐದು ನಿಮಿಷದಲ್ಲಿ ಅವರು ಕಣ್ಣುಜ್ಜಿಕೊಂಡು, ಪಂಚೆ ಸರಿಮಾಡಿಕೊಂಡು, "ಏನಾಯ್ತು ತಾಯಿ?" ಅಂದರು. ಬಟ್ಟೆ ಅಂಗಡಿಯವರಂತೆ, ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ತಿಂಡಿ ತಿನ್ನದೆ ಬಸ್ಸಿಗೆ ಓಡಿ ಬಂದಿದ್ದರು. ನಾನೇನಾದರೂ ಕೆಟ್ಟ ಮಾತಾಡಿದೆನಾ ಎಂದು ಕೇಳಿದರು.

"ಏನಿಲ್ಲ ಸಾರ್. ಸ್ವಲ್ಪ ಜೋರಾಗಿ ನಮಸ್ಕಾರ ಏಳುದ್ರಿ ಅಷ್ಟೆ" ಅಂದ ಮುನೀರ್.

ಅವತ್ತು ಆ ಫಾರಂಗೆ ಸಹಿ ತೆಗೆದುಕೊಂಡು ಹೋಗಿದ್ದಿದ್ದರೆ, ನಾನು ಸಹಿ ತೆಗೆದುಕೊಂಡಿರುತ್ತಿದ್ದದ್ದು ಯಾರಿಂದ? ಅಂದಿನಿಂದ ಬರಲ್ಲ ಅಂದವರ ಶುಗರ್ ನೋಡದೆ, ಆಮ್ಲಜನಕ ನೋಡದೆ, ಇವತ್ತು ಯಾವ ವಾರ ಎಂದು ಕೇಳದೆ ನಾನು ಪುಸ್ತಕ ತೆಗೆದವಳಲ್ಲ.

ಕೋಟೆ ಕಡೆ ಶುಂಠಿ ಕೀಳುವ ಕಾಲದಲ್ಲಿ ನಡೆದದ್ದನ್ನು ಹೇಳದೆ ಬಿಡಲಾರೆ. ಚಿಕ್ಕತಾಯಿ ಅಂತ, ಮೂವತ್ತೈದು ವರ್ಷದ ಹೆಂಗಸು, ಕೂಲಿಗೆ ಬಂದಿದ್ದಳು. ಶುಂಠಿ ಗಡ್ಡೆಗೆ ಕೈ ಹಾಕಿದಾಗ ಕೊಳಕುಮಂಡಲ ಕಚ್ಚಿತ್ತು. ಹೊಲದ ಯಜಮಾನ ಫೋನ್ ಮಾಡಿದ್ದ. ನಾವು ಹೋದಾಗ ಕೈ ಮೊಣಕೈವರೆಗೂ ಊದಿತ್ತು. ಅವಳು ಬೇವಿನ ಮರ ತಬ್ಬಿಕೊಂಡು ಕೂತಿದ್ದಳು.

"ನಾನ್ ಆಸ್ಪತ್ರೆಗೆ ಬರಾಕಿಲ್ಲ. ಮಾದಯ್ಯನ್ತಾವ ಕರ್ಕೊಂಡೋಗಿ."

ಮಾದಯ್ಯ ಪಕ್ಕದ ಊರಿನವರು, ಹಾವು ಕಚ್ಚಿದವರಿಗೆ ಬೇರು ಅರೆದು ಕೊಟ್ಟು ಮಂತ್ರ ಹಾಕುತ್ತಿದ್ದರು. ಮೊದಲಿನ ನಾನಾಗಿದ್ದರೆ ಬೇರು ಗೀರು ಎಲ್ಲ ಸುಳ್ಳು, ಆಸ್ಪತ್ರೆಯಲ್ಲಿ ಮದ್ದಿದೆ ನಡಿ ಎಂದು ಗದರುತ್ತಿದ್ದೆ. ಈ ಸಲ ಅವಳ ಪಕ್ಕ ಮಣ್ಣಿನಲ್ಲಿ ಕೂತು, ಕೈ ಅಲುಗದ ಹಾಗೆ ಪಟ್ಟಿ ಕಟ್ಟುತ್ತಾ, ಆಸ್ಪತ್ರೆ ಅಂದರೆ ಏನು ಭಯ ಎಂದು ಕೇಳಿದೆ.

"ನಮ್ ತಂಗೀನ ಇಂಗೇ ಬಿಳೀ ಗಾಡೀಲಿ ಕರ್ಕೊಂಡೋದ್ರು. ಬಾಗ್ಲಾಕುದ್ರು. ನಮ್ಮನ್ನ ಒಳೀಕೇ ಬುಡ್ನಿಲ್ಲ. ಆಮೇಕೆ ಬಟ್ಟೇಲಿ ಸುತ್ತಿ ಕೊಟ್ರು" ಅಂದಳು.

ಅವಳಿಗೆ ಬೇಕಾಗಿದ್ದದ್ದು ಬೇರಿನ ಮದ್ದಲ್ಲ. ಬಾಗಿಲು ಹಾಕಿದ ಮೇಲೂ ಒಳಗೆ ತನ್ನವರು ಅಂತ ಒಬ್ಬರು. ನಾನು ಮುನೀರ್ ಮುಖ ನೋಡಿದೆ. ಅವನು ಎದ್ದು ಯಜಮಾನನ ಬೈಕು ಇಸಿದುಕೊಂಡು ಹೋದ. ಹತ್ತು ನಿಮಿಷಕ್ಕೆ ಮಾದಯ್ಯನವರನ್ನು ಹಿಂದೆ ಕೂರಿಸಿಕೊಂಡು ಬಂದ. ಎಪ್ಪತ್ತರ ಮುದುಕರು. ಕೈ ಮುಟ್ಟಿ ನೋಡಿ, ನನ್ನನ್ನು ಆಚೆ ಕರೆದು, ದನಿ ತಗ್ಗಿಸಿ ಅಂದರು: "ಇದು ನನ್ ಕೈಲಿ ಆಗೋದಲ್ಲ ಕಣವ್ವ. ಮಂಡಲದ್ದು. ಬ್ಯಾಗ ಓಗಿ."

"ನೀವೇ ಅವಳಿಗೆ ಹೇಳಿ. ನೀವೂ ಗಾಡಿ ಹತ್ತಿ."

ಹತ್ತಿದರು. ಆಸ್ಪತ್ರೆ ಸೇರುವವರೆಗೂ ಅವಳ ಒಳ್ಳೆಯ ಕೈ ಹಿಡಿದುಕೊಂಡು, ತುಟಿಯಲ್ಲಿ ಏನೋ ಹೇಳಿಕೊಳ್ಳುತ್ತಲೇ ಇದ್ದರು. ಅವಳು ಒಮ್ಮೆಯೂ ಕೊಸರಾಡಲಿಲ್ಲ. ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರೊಬ್ಬರು ಈ ಮುದುಕನನ್ನು ಯಾಕೆ ಕರೆತಂದಿರಿ ಎಂದು ರೇಗಿದರು. ರೋಗಿ ಜೊತೆಗಿರೋ ಅಟೆಂಡರ್ ಸರ್, ಅಂದೆ. ಔಷಧಿ ಏರಿಸುವಷ್ಟು ಹೊತ್ತೂ ಮಾದಯ್ಯ ಮಂಚದ ಕಾಲ ಬಳಿ ಕೂತಿದ್ದರು. ಚಿಕ್ಕತಾಯಿ ಆರನೇ ದಿನ ಮನೆಗೆ ಹೋದಳು. ಅದಾದ ಮೇಲೆ ಹಾವು ಕಚ್ಚಿದವರು ಬಂದರೆ ಮಾದಯ್ಯನೇ ಆಂಬುಲೆನ್ಸಿಗೆ ಫೋನ್ ಮಾಡಿಸುತ್ತಿದ್ದರು. ಗಾಡಿ ಬರುವವರೆಗೆ ಮಂತ್ರ ಹಾಕುತ್ತಿದ್ದರು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಜನ ಅಲುಗಾಡದೆ ಕೂತಿರುತ್ತಿದ್ದರು. ನಮಗೆ ಬೇಕಾಗಿದ್ದೂ ಅದೇ.

ನಮ್ಮ ಮೇಲಧಿಕಾರಿಗೆ ಮಾತ್ರ ಇದು ಸರಿಬರಲಿಲ್ಲ. ಸ್ಥಳಕ್ಕೆ ತಲುಪಿದ ಇಷ್ಟು ನಿಮಿಷದೊಳಗೆ ಗಾಡಿ ಹೊರಡಬೇಕು ಎಂಬ ಲೆಕ್ಕ ಅವರದು. ಅವರು ಕೆಟ್ಟವರಲ್ಲ, ಅವರ ಮೇಲೂ ಕೇಳುವವರಿದ್ದರು. "ಒಂದು ಕೇಸಿಗೆ ನಲವತ್ತು ನಿಮಿಷ ಸ್ಪಾಟಲ್ಲಿ ಏನ್ ಮಾಡ್ತೀರಿ? ಗಾಡೀಲಿ ಮಂತ್ರ ಬೇರೆ ಹೇಳಿಸಿದ್ರಂತೆ" ಎಂದು ಫೋನಿನಲ್ಲಿ ಕೇಳಿದರು. ಹೇಳಿಸಿದೆ ಸರ್, ಅಂದೆ. ಮೆಮೊ ಬಂತು. ಉತ್ತರ ಬರೆದೆ. ಅದು ಅಲ್ಲಿಗೇ ನಿಂತಿತು.

ಒಂದು ವರ್ಷದ ಮೇಲೆ ಅದೇ ಅಧಿಕಾರಿ ಭಾನುವಾರ ಬೆಳಿಗ್ಗೆ ನನ್ನ ಸ್ವಂತ ನಂಬರಿಗೆ ಫೋನ್ ಮಾಡಿದರು. ಅವರ ತಂದೆ ಕೆ.ಆರ್. ನಗರದಲ್ಲಿ, ಇವರ ಮನೆಯಲ್ಲೇ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಎರಡು ದಿನದಿಂದ ಆಸ್ಪತ್ರೆಗೆ ಹೋಗಲ್ಲ ಅಂತ ಹಟ ಹಿಡಿದಿದ್ದರು. ಏನು ಹೇಳಿ ಒಪ್ಪಿಸುವುದು ಎಂದು ಕೇಳಿದರು. ಅವರು ಯಾವುದಕ್ಕೆ ಹೆದರುತ್ತಿದ್ದಾರೆ ಕೇಳಿದಿರಾ ಸರ್, ಅಂದೆ. ಕೇಳ್ತೀನಿ ಎಂದು ಫೋನ್ ಇಟ್ಟರು. ಒಂದು ಗಂಟೆ ಬಿಟ್ಟು ಮತ್ತೆ ಮಾಡಿದರು. ದನಿ ಬೇರೆಯಾಗಿತ್ತು. "ಹೆಂಗಸರು ನನ್ನ ಬಟ್ಟೆ ಬದಲಾಯಿಸ್ತಾರೆ, ನಾಚಿಕೆ ಆಗುತ್ತೆ ಅಂದ್ರು ಜಯಮ್ಮ. ನಾನೇ ಮಾಡ್ತೀನಿ ಅಂದೆ. ಒಪ್ಪಿಕೊಂಡ್ರು." ಮಗ ಇಪ್ಪತ್ತು ದಿನ ರಜೆ ಹಾಕಿ ಆಸ್ಪತ್ರೆಯಲ್ಲಿದ್ದು ಅಪ್ಪನ ಬಟ್ಟೆ ಬದಲಾಯಿಸಿದರು. ಆಮೇಲೆ ನನ್ನ ನಲವತ್ತು ನಿಮಿಷದ ಬಗ್ಗೆ ಅವರು ಕೇಳಲಿಲ್ಲ.

ಇಷ್ಟೆಲ್ಲ ಓದಿ, ಹಾಗಾದರೆ ಸರಿಯಾಗಿ ಕೇಳಿದರೆ ಎಲ್ಲರೂ ಬಂದೇ ಬರುತ್ತಾರೆ ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಥರದ ಜಂಬವೇ ಬಂದಿತ್ತು. ಜಯಕ್ಕ ಹೋದರೆ ಹೊರಡಿಸಿಕೊಂಡೇ ಬರುತ್ತಾರೆ ಎಂದು ಬೇರೆ ಗಾಡಿಯವರು ಹೇಳುವುದನ್ನು ಕೇಳಲು ಇಷ್ಟವಾಗುತ್ತಿತ್ತು. ನಿವೃತ್ತಿಗೆ ಎಂಟು ತಿಂಗಳು ಇದ್ದಾಗ ಬೀಚನಹಳ್ಳಿಯ ಪುಟ್ಟಸ್ವಾಮಿಯವರು ಅದನ್ನು ಇಳಿಸಿದರು.

ಅವರು ಕಬಿನಿ ಅಣೆಕಟ್ಟಿನಲ್ಲಿ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮಗಳು ಸುಶೀಲ ಗಂಡನೊಂದಿಗೆ ಅಪ್ಪನ ಮನೆಯಲ್ಲೇ ಇದ್ದಳು. ಅವಳಿಗೆ ಹತ್ತಿರದ ರೆಸಾರ್ಟಿನಲ್ಲಿ ಅಡಿಗೆ ಕೆಲಸ. ಪುಟ್ಟಸ್ವಾಮಿಯವರ ಹೃದಯ ದುರ್ಬಲವಾಗಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಉಸಿರು ಕಟ್ಟುತ್ತಿತ್ತು. ಮೊದಲ ಸಲ ನಾವು ಹೋದಾಗ ಬರಲ್ಲ ಅಂದರು, ಕೂತು ಮಾತಾಡಿದೆ, ಬಂದರು. ಎರಡು ತಿಂಗಳ ಮೇಲೆ ಎರಡನೇ ಸಲವೂ ಹಾಗೇ. ಆ ಸಲ ಮೈಸೂರಿಗೆ ಕಳಿಸಿದರು. ಗಂಟಲಿಗೆ ಕೊಳವೆ ಹಾಕಿ ಹನ್ನೆರಡು ದಿನ ಇಟ್ಟುಕೊಂಡು, ಬದುಕಿಸಿ ಕಳಿಸಿದರು. ನನಗೆ ಹೆಮ್ಮೆಯಾಗಿತ್ತು.

ಮೂರನೇ ಸಲ ಹೋದಾಗ ಮಳೆಗಾಲ. ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಅವರು ಎರಡು ದಿಂಬು ಒರಗಿಕೊಂಡು ಕೂತಿದ್ದರು. ನಾನು ಕೂತ ಕೂಡಲೇ ನಕ್ಕರು.

"ಈ ಸಲ ನಿನ್ ಮಾತು ಕೇಳಾಕಿಲ್ಲ ಕಣವ್ವ."

"ಯಾಕೆ ಯಜಮಾನ್ರೆ?"

"ಕೈ ಕಟ್ಟಾಕಿದ್ರು." ಎರಡೂ ಮುಂಗೈ ಮುಂದೆ ಚಾಚಿದರು. "ಪೈಪ್ ಕಿತ್ಕತೀನಿ ಅಂತ ಮಂಚಕ್ಕೆ ಕಟ್ಟಾಕಿದ್ರು. ಅವರ್ದೇನು ತಪ್ಪಿಲ್ಲ. ಬಾಯಿ ಬಿಟ್ಟು ಇದ ತಗೀರಿ ಅನ್ನಕ್ಕೂ ಆಯ್ತಿರ್ಲಿಲ್ಲ. ಅನ್ನೆರಡು ದಿನ."

ನಾನು ನನ್ನ ಎಲ್ಲ ವಿದ್ಯೆಯನ್ನೂ ತೆಗೆದೆ. ಈ ಸಲ ಕೊಳವೆ ಬೇಕಾಗದೇ ಇರಬಹುದು ಅಂದೆ. ಕೋಟೆಯವರೆಗೆ ಮಾತ್ರ ಹೋಗೋಣ ಅಂದೆ. ಮಗಳು ಜೊತೆಗಿರುವ ಹಾಗೆ ನಾನೇ ಮಾತಾಡುತ್ತೇನೆ ಅಂದೆ. ಅವರು ಪ್ರತಿಯೊಂದನ್ನೂ ಪೂರ್ತಿ ಕೇಳಿಸಿಕೊಂಡು, ಪ್ರತಿಯೊಂದಕ್ಕೂ ತಲೆಯಾಡಿಸಿ, ಬ್ಯಾಡ ಅಂದರು. ಶುಗರ್ ಸರಿಯಿತ್ತು. ಆಮ್ಲಜನಕ ಕಡಿಮೆಯಿತ್ತು, ಮಾತು ಕೆಡುವಷ್ಟಲ್ಲ. ಮಾಸ್ಕ್ ಹಾಕಿದ ಮೇಲೆ ಏರಿತು. ಆಗ ಮತ್ತೆ ಕೇಳಿದೆ.

"ಈಗ ಬರದೆ ಇದ್ದರೆ ಏನಾಗುತ್ತೆ, ನೀವೇ ನನಗೆ ಹೇಳಿ."

"ಸಾಯ್ತೀನಿ. ಇವತ್ತೊ, ನಾಕು ದಿನ ಬಿಟ್ಟೊ. ಉಸ್ರು ಕಟ್ಕಂಡೇ ಸಾಯ್ತೀನಿ, ಸುಲಭ ಅಲ್ಲ ಅದೂ ಗೊತ್ತು. ಇಲ್ಲೇ ಸಾಯ್ತೀನಿ, ಕೈ ಬಿಚ್ಕಂಡು."

ಸುಶೀಲ ಬಾಗಿಲ ಬಳಿ ನಿಂತಿದ್ದಳು. "ಎತ್ತಾಕ್ಕಂಡ್ ಓಗಿ ಸಿಸ್ಟರ್" ಅಂದಳು. "ಅವ್ರ್ ಮಾತು ಏನ್ ಕೇಳ್ತೀರಾ. ಓದ್ಸಲ ನೀವೇ ಅಲ್ವಾ ಬದುಕ್ಸಿದ್ದು."

ಆ ಮಾತು ನನ್ನೊಳಗೆ ಹೋಗಿ ನಾಟಿತು. ಹೊರಗೆ ಬಂದು ಕಂಟ್ರೋಲ್ ರೂಮಿನ ಡಾಕ್ಟರಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, ಬುದ್ಧಿ ಸ್ಥಿಮಿತದಲ್ಲಿದೆಯಲ್ಲ ಸಿಸ್ಟರ್, ಬಲವಂತ ಮಾಡುವ ಹಾಗಿಲ್ಲ, ಅಂದರು. ನನಗೂ ಅದು ಗೊತ್ತಿತ್ತು. ಅವರು ಬೇರೆ ಏನಾದರೂ ಹೇಳಲಿ ಎಂದೇ ಫೋನ್ ಮಾಡಿದ್ದೆ. ಗಾಡಿಯ ಹಿಂಬಾಗಿಲು ಹಿಡಿದು ಸ್ವಲ್ಪ ಹೊತ್ತು ನಿಂತೆ. ಮುನೀರ್ ಬಂದು ನಿಂತ.

"ನಾನು ಸೋತೆ ಮುನೀರ್."

"ಅವ್ರು ನಿಮ್ ಹತ್ರ ಕುಸ್ತಿ ಆಡ್ತಿಲ್ವಲ್ಲ ಅಕ್ಕ" ಅಂದ.

ಒಳಗೆ ಹೋದೆವು. ಕರೆದುಕೊಂಡು ಹೋಗುವುದಿಲ್ಲ ಎಂದಾದ ಮೇಲೆ ಮಾಡಲು ಎಷ್ಟೊಂದು ಕೆಲಸವಿರುತ್ತದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿ ಕೈಮುಗಿದು ಕೇಳಿದೆ. ಆ ಡಾಕ್ಟರ್ ಹುಡುಗ ಸ್ಕೂಟರಿನಲ್ಲಿ ಬಂದು, ಮೈಯ ನೀರು ಇಳಿಯಲು ಇಂಜೆಕ್ಷನ್ ಕೊಟ್ಟು, ದಿನಾ ಬಂದು ಹೋಗುತ್ತೇನೆ ಎಂದು ಒಪ್ಪಿಕೊಂಡ. ಮುನೀರ್ ಮನೆಯಲ್ಲಿದ್ದ ಒಂದು ಹಲಗೆಯನ್ನು ಕುಯ್ದು, ಮಂಚದ ತಲೆ ಕಡೆ ಓರೆಯಾಗಿ ನಿಲ್ಲಿಸಿ, ಒರಗಿ ಕೂರಲು ಆಸರೆ ಮಾಡಿದ. ಉಸಿರು ಹತ್ತಿದಾಗ ಕಾಲು ಕೆಳಗೆ ಬಿಟ್ಟು ಹೇಗೆ ಕೂರಿಸಬೇಕು, ಕಿಟಕಿ ತೆಗೆದು ಮುಖಕ್ಕೆ ಹೇಗೆ ಗಾಳಿ ಬೀಸಬೇಕು, ಬಾಯಿ ಒಣಗಿದರೆ ಒದ್ದೆ ಬಟ್ಟೆಯಲ್ಲಿ ತುಟಿ ಹೇಗೆ ಒರೆಸಬೇಕು, ಎಲ್ಲ ಸುಶೀಲಳಿಗೆ ತೋರಿಸಿದೆ. ಅವಳು ಅಳುತ್ತಲೇ ಕಲಿತಳು.

ಕೊನೆಗೆ ಫಾರಂ. ಅದರಲ್ಲಿದ್ದದ್ದನ್ನು ಒಂದೊಂದೇ ಸಾಲು ಅವರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಿದೆ. ಪುಟ್ಟಸ್ವಾಮಿಯವರು ಕನ್ನಡಕ ಕೇಳಿ ಹಾಕಿಕೊಂಡು, ನಿಧಾನವಾಗಿ ಸಹಿ ಮಾಡಿದರು. ಸಾಕ್ಷಿಗೆ ಸುಶೀಲಳ ಕಡೆ ತಿರುಗಿದೆ. ಅವಳು ಎರಡು ಹೆಜ್ಜೆ ಹಿಂದೆ ಹೋದಳು. "ನಮ್ಮಪ್ಪನ್ನ ಸಾಯಕ್ ಬುಡಿ ಅಂತ ನಾನ್ ರುಜು ಆಕ್ಲಾ ಸಿಸ್ಟರ್? ನನ್ ಕೈಲಿ ಆಗಾಕಿಲ್ಲ."

ಮುನೀರ್ ನನ್ನ ಕೈಯಿಂದ ಪೆನ್ನು ತೆಗೆದುಕೊಂಡ. "ಮಗಳೇ ಆಗಬೇಕು ಅಂತ ಎಲ್ಲೂ ಬರ್ದಿಲ್ಲ ಬುಡವ್ವ. ಅವ್ರು ಏಳಿದ್ದನ್ನ ನಾನೂ ಕೇಳ್ಸ್ಕಂಡಿದೀನಿ" ಎಂದು ತಾನೇ ಸಹಿ ಹಾಕಿದ. ಪುಟ್ಟಸ್ವಾಮಿಯವರು ಅವನನ್ನೇ ನೋಡುತ್ತಿದ್ದು, ಅವನ ಮುಂಗೈ ಮುಟ್ಟಿದರು.

ನನ್ನ ಸ್ವಂತ ನಂಬರನ್ನು ಸುಶೀಲಳಿಗೆ ಕೊಟ್ಟು ಬಂದೆ. ನಾಲ್ಕು ದಿನ ಅವಳು ಬೆಳಿಗ್ಗೆ ಸಂಜೆ ಫೋನ್ ಮಾಡುತ್ತಿದ್ದಳು. ಒಮ್ಮೆ ಉಸಿರು ತುಂಬ ಹತ್ತಿದೆ ಎಂದು ಹೆದರಿ ಕೇಳಿದಳು. ಡಾಕ್ಟರ್ ಹುಡುಗ ಹೋಗಿ ನೋಡಿಬಂದ. ಐದನೇ ದಿನ ಬೆಳಿಗ್ಗೆ ಎಂಟೂವರೆಗೆ ನಾವು ಕೋಟೆಯಲ್ಲಿ ಗಾಡಿ ತೊಳೆಯುತ್ತಿದ್ದಾಗ ಫೋನ್ ಬಂತು.

"ಆಯ್ತು ಸಿಸ್ಟರ್" ಅಂದಳು. ದನಿ ಸಮಾಧಾನವಾಗಿತ್ತು. "ಬೆಳಿಗ್ಗೆ ಐದ್ರಿಂದ ಎದ್ದಿದ್ರು. ಡ್ಯಾಮಿನ್ ಸದ್ದು ಕೇಳ್ಸ್ಕಂಡು, ಎರಡು ಗೇಟ್ ಇಳ್ಸವ್ರೆ ಕಣ್ ಮಗ ಅಂದ್ರು. ನಂಗೆ ಏನ್ ತಿಳೀತದೆ. ಅವ್ರ್ ಜೊತೆ ಕೆಲ್ಸ ಮಾಡ್ತಿದ್ದೋರ್ಗೆ ಫೋನ್ ಮಾಡಿ ಕೇಳ್ದೆ. ಹೂಂ, ಈಗ ತಾನೆ ಎರಡು ಇಳ್ಸುದ್ರು ಅಂದ್ರು. ಅಪ್ಪಂಗೆ ಏಳ್ದೆ. ನೋಡ್ದಾ ಅಂದಂಗೆ ನನ್ ಕಡೆ ನೋಡಿ ನಕ್ರು. ಕೈ ಇಡ್ಕಂಡೇ ಇದ್ದೆ. ಅದಾಗಿ ಒಂದ್ ಗಂಟೆಗೆ ಓದ್ರು."

ನಾನು ಸಮಾಧಾನ ಹೇಳಿ ಫೋನ್ ಇಟ್ಟೆ. ಮುನೀರ್ ಬಕೆಟ್ಟು ಕೆಳಗಿಟ್ಟು ನಿಂತಿದ್ದ. ವಿಷಯ ಹೇಳಿದೆ. ಅವನು ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಪ್ರಾರ್ಥಿಸಿಕೊಂಡು, ಆಮೇಲೆ, "ಆ ಹುಡುಗಿ ಏನಾದ್ರೂ ತಿಂದೈತಾ ಕೇಳುದ್ರಾ ಅಕ್ಕ?" ಅಂದ.

ಕೇಳಿರಲಿಲ್ಲ. ಮತ್ತೆ ಫೋನ್ ಮಾಡಿದೆ.

"ಸುಶೀಲ, ಏನಾದ್ರೂ ಕುಡಿದೆಯಾ?"

"ಇಲ್ಲ ಸಿಸ್ಟರ್. ನಂಗೇನೂ ಬ್ಯಾಡ."

"ಆಗಲಿ" ಅಂದೆ. ಫೋನ್ ಇಡಲಿಲ್ಲ. ಗಾಡಿಯ ಮೆಟ್ಟಿಲ ಮೇಲೆ ಕೂತುಕೊಂಡೆ. ಅಪ್ಪ ನಿನ್ನೆ ರಾತ್ರಿ ಏನು ಮಾತಾಡಿದರು ಎಂದು ಕೇಳಿದೆ. ಹೇಳಿದಳು. ಅವರಿಗೆ ಯಾವ ಸಾರು ಇಷ್ಟ ಎಂದು ಕೇಳಿದೆ. ಅದನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವತ್ತು ಮೊದಲ ಸಲ ದನಿ ಒಡೆದು ಅತ್ತಳು. ಅಳುವುದು ಮುಗಿಯುವವರೆಗೂ ಫೋನ್ ಕಿವಿಗೆ ಹಿಡಿದು ಕೂತಿದ್ದೆ. ಆ ಕಡೆ ಯಾರೋ ಹೆಂಗಸರು ಬಂದು, ತಕ್ಕಳವ್ವ ಒಂದ್ ಗುಟ್ಕು, ಎಂದದ್ದು ಕೇಳಿಸಿತು. ಆಮೇಲೆ ಅವಳು ಕುಡಿಯುವ ಸದ್ದು, ಲೋಟವನ್ನು ಕೆಳಗಿಟ್ಟ ಸದ್ದು.